ಬೂದಿಯ ಮೇಲಿನ ಹೆಜ್ಜೆ

ಅದು ನೀರುನಾಯಿ. ದೆವ್ವ ಅಲ್ಲ, ಗಾಳಿ ಅಲ್ಲ, ನನ್ನ ಮಗನೂ ಅಲ್ಲ. ಹೊಳೆಯಲ್ಲಿ ಮೀನು ಹಿಡಿದು ತಿಂದುಕೊಂಡಿರುವ, ಮೀಸೆಯಿರುವ, ಮೋಟುಕಾಲಿನ ಒಂದು ಪ್ರಾಣಿ. ಕೈಗೆಟಕುವಷ್ಟು ಹತ್ತಿರದಲ್ಲಿ ನಿಂತು ನಾನು ಕಣ್ಣಾರೆ ಕಂಡಿದ್ದೇನೆ. ಊರಿನವರು ಈಗಲೂ ಏನೇನೋ ಹೇಳುತ್ತಾರೆ, ಹೇಳಿಕೊಳ್ಳಲಿ. ಕೇಳಿದವರಿಗೆಲ್ಲ ನಾನು ಮೊದಲು ಇದನ್ನು ಹೇಳುತ್ತೇನೆ, ಆಮೇಲೆ ಮಿಕ್ಕಿದ್ದು. ಮಿಕ್ಕಿದ್ದು ಏನೆಂದು ನನಗೂ ಇನ್ನೂ ಗೊತ್ತಾಗಿಲ್ಲ.

ದೆವ್ವ ಭೂತ ನಂಬುವ ಪೈಕಿ ನಾನಲ್ಲ. ನಮ್ಮ ಹೆಮ್ಮಿಗೆಯ ಕಾಲುವೆ ಏರಿಯ ಮೇಲೆ ಒಂದು ಹುಣಸೆಮರ ಇದೆ. ಅದರಲ್ಲಿ ಬಾಣಂತಿ ದೆವ್ವ ಇದೆ ಎಂದು ಒಬ್ಬರೂ ಕಾಯಿ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ನಾನು ಗಳ ಹಿಡಿದು ಬಡಿದು, ಮಡಿಲು ತುಂಬ ಮನೆಗೆ ತಂದೆ. ವರ್ಷವೆಲ್ಲ ಅದೇ ಹುಣಸೆಹಣ್ಣಿನ ಸಾರು. ನಮ್ಮತ್ತೆ ಮೊದಮೊದಲು ಉಣ್ಣಲಿಲ್ಲ. ನಾನು ಸಾಯದೆ ಓಡಾಡಿಕೊಂಡಿರುವುದನ್ನು ನೋಡಿ ಆಮೇಲೆ ಉಂಡರು. ಈಗ ಊರವರೆಲ್ಲ ಆ ಮರಕ್ಕೆ ಜಗಳವಾಡುತ್ತಾರೆ. ದೆವ್ವ ಎಲ್ಲಿಗೆ ಹೋಯಿತೋ ಯಾರೂ ಕೇಳಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ಮಗುವಿನ ಮುಡಿ ತೆಗೆಸುವುದಕ್ಕೆಂದು ನಂಜನಗೂಡಿಗೆ ಹೋಗಿದ್ದೆವು. ಸ್ನಾನಘಟ್ಟದ ಮೆಟ್ಟಿಲ ಮೇಲೆ ಮಗು ಕಿರುಚುತ್ತಿತ್ತು, ಎಲ್ಲರೂ ಅದರ ತಲೆ ಹಿಡಿಯುವ ಗಡಿಬಿಡಿಯಲ್ಲಿದ್ದರು. ನಾನು ನೀರಿನ ಹತ್ತಿರದ ಮೆಟ್ಟಿಲಿಗೆ ಇಳಿದೆ. ಕಪಿಲೆಗೆ ಹೊಸನೀರು ಬಂದಿತ್ತು. ಹೊಸನೀರಿಗೆ ಒಂದು ವಾಸನೆ ಇರುತ್ತದೆ, ಕೊಳೆತ ಎಲೆ, ಕೆಂಪು ಮಣ್ಣು, ಹಸಿ ಮೀನು ಎಲ್ಲವನ್ನೂ ಕಲಸಿಟ್ಟ ಹಾಗೆ. ಅದು ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತಿತು. ಕೆಲವು ವರ್ಷದ ಹಿಂದೆ ಒಂದು ಸಲ ನನ್ನ ನಡುಮನೆಯೊಳಗೆ ಇದೇ ವಾಸನೆ ತುಂಬಿಕೊಂಡಿತ್ತು.

ಆ ವರ್ಷ ಎರಡು ಹೊಳೆಯೂ ಒಟ್ಟಿಗೆ ತುಂಬಿದವು. ಇತ್ತ ಕಪಿಲೆ, ಅತ್ತ ಕಾವೇರಿ. ನರಸೀಪುರದಲ್ಲಿ ಎರಡೂ ಸೇರಿ, ಆ ನೀರೆಲ್ಲ ನಮ್ಮ ಊರ ಪಕ್ಕದಲ್ಲೇ ಹಾದುಹೋಗಬೇಕು. ಆಟೋಗೆ ಮೈಕು ಕಟ್ಟಿಕೊಂಡು ಸಾರುತ್ತಾ ಹೋದರು: ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ಕಡೆ ಯಾರೂ ಹೋಗಬೇಡಿ. ಹೀಗೆ ಸಾರಿದ ಕೂಡಲೇ ನಮ್ಮ ಕಡೆ ಗಂಡಸರು ಹೊಳೆ ಕಡೆಗೇ ಓಡುತ್ತಾರೆ. ಯಾಕೆಂದರೆ ಗದ್ದೆಗೆ ನೀರೆತ್ತುವ ಮೋಟರುಗಳೆಲ್ಲ ದಡದಲ್ಲೇ ಇರುತ್ತವೆ. ಮುಳುಗುವ ಮೊದಲು ಬಿಚ್ಚಿ ಮೇಲಕ್ಕೆಳೆಯಬೇಕು.

ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಸಿದ್ದರಾಜು, ಚಿಕ್ಕವನು ಮಾದೇವ. ಮಾದೇವನಿಗೆ ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹೆಂಡತಿ ಭಾಗ್ಯ, ಬದನವಾಳು ಕಡೆಯ ಹುಡುಗಿ. ಅವಳು ಆಗತಾನೇ ಅವನಿಗೆ ತಟ್ಟೆ ಇಟ್ಟಿದ್ದಳು.

“ಅವ್ವ, ಮೋಟ್ರು ಮುಳುಗೋಯ್ತದೆ, ಎತ್ಕಂಡು ಬಂದ್ಬುಡ್ತೀವಿ,” ಅಂದ.

“ಓದ್ರೆ ಓಯ್ತದೆ. ಉಂಡ್ಕಂಡು ಓಗ್ಲಾ.”

“ಬಂದು ಉಣ್ತೀನಿ. ಭಾಗ್ಯ, ಮುಚ್ಚಿಡು.”

ಅಣ್ಣತಮ್ಮ ಇಬ್ಬರೂ ಹೋದರು. ಬೋಲ್ಟು ಬಿಚ್ಚಿದರು, ಹಗ್ಗ ಕಟ್ಟಿದರು, ಸಿದ್ದರಾಜು ಮೇಲಿನಿಂದ ಎಳೆದ, ಮಾದೇವ ಕೆಳಗಿನಿಂದ ನೂಕಿದ. ಮೋಟರು ಮೇಲೆ ಬಂತು. ದಡ ಕೆಳಗೆ ಹೋಯಿತು. ದಡದ ಜೊತೆ ಮಾದೇವ ಹೋದ. ಸಿದ್ದರಾಜು ಹೇಳುವುದು ಇಷ್ಟೇ. ಇದಕ್ಕಿಂತ ಹೆಚ್ಚು ಅವನು ಯಾವತ್ತೂ ಹೇಳಿಲ್ಲ, ನಾನೂ ಕೇಳಿಲ್ಲ.

ನೀರಿಗೆ ಅಂಜುವ ಮಗನಲ್ಲ ಅವನು. ಗಾಳ ಹಾಕಿಕೊಂಡು ಕೂತನೆಂದರೆ ಊಟ ನೆನಪಿರುತ್ತಿರಲಿಲ್ಲ. ಹಿಡಿದು ತಂದ ಮೀನನ್ನು ಹುರಿದುಕೊಟ್ಟರೆ ತಲೆಯಿಂದ ತಿನ್ನಲು ಶುರುಮಾಡುತ್ತಿದ್ದ. “ತಲೆ ಕೊನೇಗೆ ತಿನ್ನೋದು ಕಣ್ಲಾ, ಎಲ್ಲಾರೂ ಅಂಗೇಯ,” ಎಂದರೆ “ನಾನು ಎಲ್ಲಾರಂಗಲ್ಲ ಬುಡವ್ವ” ಅನ್ನುತ್ತಿದ್ದ. ಅಂಥವನನ್ನು ಬೋಟಿನವರು ಹುಡುಕಿದರು, ತೆಪ್ಪದವರು ಹುಡುಕಿದರು, ಕೆಳಗಿನ ಊರುಗಳಲ್ಲಿ ಬಲೆ ಎಳೆದರು. ಸಿಗಲಿಲ್ಲ. ನೀರು ಇಳಿಯಿತು. ನಾಟಿ ಹಾಕಿದ್ದ ಗದ್ದೆಯ ಮೇಲೆ ಮೊಣಕಾಲುದ್ದ ಗೋಡುಮಣ್ಣು ಕೂತಿತ್ತು. ಅದರಲ್ಲೂ ಗಳ ಚುಚ್ಚಿ ನೋಡಿದೆವು.

ಭಾಗ್ಯ ಅಳಲಿಲ್ಲ. ಊರವರೆಲ್ಲ ನಮ್ಮ ಜಗಲಿಯ ಮೇಲೆ ಕೂತು ಎದೆ ಬಡಿದುಕೊಳ್ಳುವಾಗ ಅವಳು ಒಳಗೆ ತಟ್ಟೆ ತೊಳೆಯುತ್ತಿದ್ದಳು.

“ಅವ್ರು ಈಜ್ತಾರೆ ಕಣತ್ತೆ. ಎಲ್ಲೋ ದಡ ಸೇರವ್ರೆ. ಬತ್ತಾರೆ.”

ದಿನಾ ಮಧ್ಯಾಹ್ನ ಅವನ ತಟ್ಟೆಗೆ ಬಿಸಿಮುದ್ದೆ ಹಾಕಿ, ಸಾರು ಬಿಟ್ಟು, ಮೇಲೊಂದು ತಟ್ಟೆ ಮುಚ್ಚಿಡುವಳು. ಸಾಯಂಕಾಲ ಅದನ್ನು ಹಸುವಿನ ಕಲಗಚ್ಚಿಗೆ ಹಾಕುವಳು. ತಾನು ಎರಡು ತುತ್ತು ತಿಂದರೆ ತಿಂದಳು, ಇಲ್ಲದಿದ್ದರೆ ಇಲ್ಲ. ಕೊರಳ ಮೂಳೆ ಎದ್ದು ಕಂಡಿತು, ಬಳೆ ಮೊಣಕೈವರೆಗೂ ಜಾರತೊಡಗಿದವು. ಸೂರ್ಯ ಇಳಿಯುವ ಹೊತ್ತಿಗೆ ಹೊಳೆಯ ಕಡೆ ನಡೆಯುವಳು. ದಡ ಮುರಿದಿತ್ತಲ್ಲ, ಸರಿಯಾಗಿ ಅಲ್ಲೇ ಹೋಗಿ ನಿಂತು ಕೂಗುವಳು, ದನ ಕಾಯುವವರನ್ನು ಊಟಕ್ಕೆ ಕರೆದ ಹಾಗೆ. ನಾನು ಹುಲ್ಲು ಕುಯ್ಯುವ ನೆಪ ಮಾಡಿಕೊಂಡು ಕುಡುಗೋಲು ಹಿಡಿದು ಹಿಂದೆ ಹೋಗುತ್ತಿದ್ದೆ. ಒಂದು ಸಲ ಅವಳ ಕಾಲ ಕೆಳಗಿನ ಮಣ್ಣು ಸುರಿಯಿತು. ಕೈಗೆ ಸಿಕ್ಕಿದ್ದು ಜಡೆ. ಜಡೆ ಹಿಡಿದೇ ಎಳೆದು ಹಿಂದಕ್ಕೆ ಹಾಕಿದೆ. ಬಿದ್ದಲ್ಲಿಂದ ನನ್ನ ಮುಖ ನೋಡಿ, “ಯಾಕತ್ತೆ ಇಡ್ಕಂಡ್ರಿ?” ಎಂದು ಕೇಳಿದಳು. ಕೋಪದಿಂದ ಕೇಳಿದ್ದಲ್ಲ, ತಿಳಿದುಕೊಳ್ಳುವುದಕ್ಕೆ ಕೇಳಿದ್ದು. ಆವತ್ತು ನನಗೆ ಭಯ ಹತ್ತಿತು. ಮಗ ಹೋಗಿಯಾಗಿತ್ತು. ಇವಳನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಅಷ್ಟರಲ್ಲಿ ಊರು ಬಾಯಿ ತೆರೆದಿತ್ತು. ಪಕ್ಕದ ಮನೆ ಪುಟ್ಟಮ್ಮ ಗೋಡೆಯಾಚೆಯಿಂದಲೇ ಶುರುಮಾಡಿದಳು.

“ಅಕ್ಕೋ, ನೀರಲ್ಲಿ ಓದೋನು. ಮಣ್ಣು ಕಾಣ್ಲಿಲ್ಲ, ತಿಥಿ ಕಾಣ್ಲಿಲ್ಲ. ಇನ್ನೆಲ್ಲಿಗೋದಾನು? ನಿನ್ ಸೊಸೆ ಮೈಮ್ಯಾಲೆ ಕೂತವ್ನೆ.”

“ಬದ್ಕಿದ್ದಾಗ್ಲೇ ಯೋಳಿದ್ ಕಡೆ ಕೂತ್ಕತಿರ್ಲಿಲ್ಲ ಅವ್ನು. ಈಗ ಕೂತ್ಕಂಡಾನಾ? ಓಗು, ನಿನ್ ಒಲೆ ಮ್ಯಾಲೆ ಆಲು ಉಕ್ತಾ ಅದೆ.”

ಪುಟ್ಟಮ್ಮನ ಬಾಯಿಯನ್ನು ಮುಚ್ಚಬಹುದು. ಬೀಗಿತ್ತಿ, ಅಂದರೆ ಭಾಗ್ಯಳ ತಾಯಿ, ಬಸ್ಸಿಳಿದು ನಿಂಬೆಹಣ್ಣು, ಕಪ್ಪುದಾರ ಹಿಡಿದುಕೊಂಡು ಬಂದಾಗ ಅಷ್ಟು ಸುಲಭವಾಗಲಿಲ್ಲ.

“ಗಾಳಿ ಬುಡ್ಸೋನೊಬ್ಬ ಅವ್ನೆ ಬೀಗ್ತಿ. ಬೇವಿನ್ ಬರ್ಲಲ್ಲಿ ನಾಕು ಬುಟ್ರೆ ಬುಟ್ಟೋಯ್ತದಂತೆ. ನಾನು ಕರ್ಕಂಡೋಯ್ತೀನಿ.”

“ಉಣ್ಣದೆ ಒಣಗೋಗಿರೋಳ್ಗೆ ಬರ್ಲಲ್ಲಿ ಬುಟ್ರೆ ಗಾಳಿ ಓಗಕಿಲ್ಲ, ಜೀವ ಓಯ್ತದೆ.”

“ನಿಮ್ಮಗ ಓದ. ನನ್ ಮಗ್ಳೂ ಓಗ್ಲಿ ಅಂತ ಕೂತಿದ್ದೀರಾ?”

ಹಿರಿಯರ ಹಬ್ಬದ ಅಮಾವಾಸ್ಯೆ ಹತ್ತಿರ ಬಂದಿತ್ತು. “ಅಮಾಸೆ ಕಳೀಲಿ. ಆಗ್ಲೂ ಇವ್ಳು ಇಂಗೇ ಇದ್ರೆ ಕರ್ಕಂಡೋಗಿ, ನಾನು ಅಡ್ಡ ಬರಕಿಲ್ಲ,” ಎಂದು ಹೇಳಿ ಅವರನ್ನೂ ಮನೆಯಲ್ಲೇ ಉಳಿಸಿಕೊಂಡೆ.

ಆ ಹಬ್ಬದಲ್ಲಿ ನಮ್ಮ ಕಡೆ ಸತ್ತವರಿಗೆಲ್ಲ ಎಡೆ ಇಡುತ್ತೇವೆ. ನಡುಮನೆಯಲ್ಲಿ ಬಾಳೆ ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಹಾಕಿಕೊಂಡು ಎಲ್ಲರೂ ಆಚೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಇನ್ನೊಂದು ಪದ್ಧತಿ ಇದೆ, ಅದು ತಿಥಿಯಲ್ಲಿ ಮಾಡುವುದು. ಎಡೆಯ ಮುಂದೆ ಒಲೆಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ ಬರುತ್ತೇವೆ. ಆಮೇಲೆ ನೋಡಿದರೆ ಅದರ ಮೇಲೆ ಹೆಜ್ಜೆ ಬಿದ್ದಿರುತ್ತದಂತೆ. ಹೋದವರು ಯಾವ ರೂಪದಲ್ಲಿ ಬಂದಿದ್ದರು, ಕಾಗೆಯೋ ಹಸುವೋ ಎಂದು ಅದರಲ್ಲಿ ತಿಳಿಯುತ್ತದೆ ಅನ್ನುತ್ತಾರೆ. ಮಾದೇವನಿಗೆ ತಿಥಿಯೇ ಆಗಿರಲಿಲ್ಲ. ಹಾಗಾಗಿ ಎಡೆಯ ದಿನವೇ ಬೂದಿಯನ್ನೂ ಹಾಕೋಣ ಎಂದು ನಾನು ಹೇಳಿದೆ.

ಭಾಗ್ಯ ಎದ್ದು ನಿಂತಳು. “ಬದ್ಕಿರೋರ್ಗೆ ಎಡೆ ಇಡ್ತೀರಾ?”

“ಬದ್ಕಿದ್ರೆ ಬೂದಿ ಮ್ಯಾಲೆ ಯಾನೂ ಬೀಳಕಿಲ್ಲ. ನೀನೇ ನೋಡೀಯೆ. ಆಮ್ಯಾಕೆ ದಿನಾ ತಟ್ಟೆ ಮುಚ್ಚಿಡು, ನಾನೂ ನಿನ್ ಜೊತೆ ಬಂದು ಹೊಳೇತಾವ ಕೂಗ್ತೀನಿ.”

“ಬಿದ್ರೆ?”

“ಬಿದ್ರೆ ಓದ ಅಂತ. ಆಗ ನೀನು ಉಣ್ಬೇಕು. ಹೊಳೇತಾವ ಓಗೋದು ಬುಡ್ಬೇಕು.”

“ಆಯ್ತು” ಅಂದಳು.

ಹೆಜ್ಜೆ ಬೀಳುತ್ತದೆಂದು ನಾನು ನಂಬಿದ್ದೆನೇ? ಎಲ್ಲಿಯದು. ನಾನೇ ಹಾಕುವವಳಿದ್ದೆ. ಎಲ್ಲರೂ ಜಗಲಿಯಲ್ಲಿ ಕೂತಿರುವಾಗ ಹಿತ್ತಲ ಬಾಗಿಲಿಂದ ಒಳಗೆ ಹೋಗಿ, ಮೂರು ಬೆರಳು ಮುಂದೆ, ಒಂದು ಬೆರಳು ಹಿಂದೆ ಒತ್ತಿದರೆ ಅಚ್ಚುಕಟ್ಟಾದ ಕಾಗೆಕಾಲು. ಹಿಂದಿನ ದಿನ ಒಲೆಯ ಮುಂದೆ ಕೂತು ಒತ್ತಿ ನೋಡಿಯೂ ಇದ್ದೆ. ನಿಜವಾದ ಕಾಗೆಯೇ ನಾಚಬೇಕು, ಹಾಗೆ ಬಂದಿತ್ತು.

ಅಮಾವಾಸ್ಯೆಯ ದಿನ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಹಿತ್ತಲ ಹಿಂದಿನ ಕಾಲುವೆ ದಡ ಮೀರಿ ಹರಿಯುತ್ತಿತ್ತು. ನಮ್ಮತ್ತೆ ಮಾವನಿಗೆ, ಯಜಮಾನರಿಗೆ, ಕಡೆಯಲ್ಲಿ ಮಾದೇವನಿಗೆ ಎಲೆ ಹಾಕಿದೆವು. ಮುದ್ದೆ, ಅನ್ನ, ಕೋಳಿಸಾರು, ವಡೆ. ಮಾದೇವನ ಎಲೆಗೆ ಖಾರ ಹಚ್ಚಿ ಹುರಿದ ಹೊಳೆಮೀನು, ತಲೆಸಮೇತ. ಎಲೆಗಳ ಮುಂದೆ ನಾನೇ ಬೂದಿ ಜರಡಿ ಹಿಡಿದೆ. ಭಾಗ್ಯ ಬಗ್ಗಿ, ಒಂದು ಗೆರೆಯೂ ಇಲ್ಲವೆಂದು ನೋಡಿಕೊಂಡಳು. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಸಂಜೆಯ ಬೆಳಕು ಇನ್ನೂ ಇತ್ತು. ಪುಟ್ಟಮ್ಮನೂ ಬಂದು ಕೂತಿದ್ದಳು, ಅವಳಿಲ್ಲದೆ ಏನು ನಡೆದೀತು.

ಸ್ವಲ್ಪ ಹೊತ್ತಾದ ಮೇಲೆ “ಹಸ ಯಾಕೋ ಗುಟುರಾಕ್ತಾ ಅದೆ” ಎಂದು ಎದ್ದೆ. ಹಸು ಗುಟುರು ಹಾಕಿರಲಿಲ್ಲ. ಮನೆ ಸುತ್ತಿಕೊಂಡು ಹೋಗಿ ಹಿತ್ತಲ ಬಾಗಿಲನ್ನು ಸದ್ದಾಗದ ಹಾಗೆ ನೂಕಿದೆ.

ಮೊದಲು ಬಂದದ್ದು ವಾಸನೆ. ಹೊಸನೀರಿನ ವಾಸನೆ. ಸಾಂಬ್ರಾಣಿ, ಕೋಳಿಸಾರು ಎಲ್ಲವನ್ನೂ ನುಂಗಿಕೊಂಡು, ಹೊಳೆಯೇ ಒಳಗೆ ಬಂದು ಕೂತ ಹಾಗೆ. ದೀಪ ಅಲುಗದೆ ಉರಿಯುತ್ತಿತ್ತು. ಮಾದೇವನ ಎಲೆಯ ಮುಂದೆ, ಬೂದಿಯ ನಟ್ಟನಡುವೆ ಅದು ಕೂತಿತ್ತು. ಒದ್ದೆ ಮೈ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಎರಡು ಕೈಯಲ್ಲಿ, ಕೈ ಎಂದೇ ಹೇಳಬೇಕು, ಮೀನನ್ನು ಎತ್ತಿ ಹಿಡಿದುಕೊಂಡು ತಲೆಯಿಂದ ಕಡಿಯುತ್ತಿತ್ತು. ಮೂಳೆ ಮುರಿಯುವ ಸದ್ದು ಮನೆಯಲ್ಲೆಲ್ಲ ಕೇಳುತ್ತಿತ್ತು.

ಚಿರತೆ ಕೊಟ್ಟಿಗೆಗೆ ಬಂದಾಗ ಪೊರಕೆ ಹಿಡಿದು ಅಟ್ಟಿದವಳು ನಾನು. ಆವತ್ತು ಬಾಗಿಲ ಮೂಲೆಯಲ್ಲಿದ್ದ ಪೊರಕೆಗೆ ಕೈ ಹಾಕಲಿಲ್ಲ.

ಅದು ನನ್ನನ್ನು ನೋಡಿತು. ಓಡಲಿಲ್ಲ. ಮೀನು ಮುಗಿಸಿ, ಹಿಂಗಾಲಿನ ಮೇಲೆ ನೆಟ್ಟಗೆ ಎದ್ದು ನಿಂತಿತು. ಕೈ ಎರಡನ್ನೂ ಎದೆಗೆ ತಂದುಕೊಂಡಿತ್ತು. ಮೀಸೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಕಣ್ಣಲ್ಲಿ ಅಂಜಿಕೆ ಇರಲಿಲ್ಲ, ಕೋಪವೂ ಇರಲಿಲ್ಲ. ಮನೆಯವರನ್ನು ಮನೆಯವರು ನೋಡುವ ಹಾಗೆ ನೋಡುತ್ತಿತ್ತು. ನಾನು ಕೈ ಮುಗಿದೆನೋ ಇಲ್ಲವೋ ನನಗೆ ನೆನಪಿಲ್ಲ. ಆಮೇಲೆ ನೋಡಿಕೊಂಡಾಗ ಎರಡು ಅಂಗೈಯೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಅದು ಮತ್ತೆ ನಾಲ್ಕು ಕಾಲಿಗೆ ಇಳಿದು, ಬೂದಿ ದಾಟಿ, ನನ್ನ ಪಕ್ಕದಲ್ಲೇ ಬಂತು. ಹಾದುಹೋಗುವಾಗ ಒದ್ದೆ ಮೈ ನನ್ನ ಕಣಕಾಲಿಗೆ ತಗುಲಿತು. ತಣ್ಣಗಿತ್ತು. ಒಳಗಿನಿಂದ ಬಿಸಿಯೂ ಇತ್ತು, ಆಗಷ್ಟೇ ಈಜಿ ಬಂದ ಹುಡುಗರ ಮೈ ಇರುತ್ತದಲ್ಲ, ಹಾಗೆ. ಬಚ್ಚಲಿಗೆ ಹೋಗಿ, ನೀರು ಆಚೆ ಹೋಗುವ ತೂಬಿನಲ್ಲಿ ನುಸುಳಿ ಕಾಲುವೆಗೆ ಇಳಿಯಿತು. ಬಂದದ್ದೂ ಅಲ್ಲಿಂದಲೇ ಇರಬೇಕು. ಬುಳುಕ್ ಎಂದು ಒಂದು ಸದ್ದಾಯಿತು, ಅಷ್ಟೇ.

ಬೆರಳು ಒತ್ತಲು ಬಂದಿದ್ದೆ ಎನ್ನುವುದೇ ಮರೆತುಹೋಗಿತ್ತು. ಹಾಗೇ ಜಗಲಿಗೆ ವಾಪಸು ಬಂದು ಕೂತೆ. “ಹಸಕ್ಕೆ ಯಾನಾಗಿತ್ತವ್ವ?” ಎಂದು ಸಿದ್ದರಾಜು ಕೇಳಿದ. “ಬಾಗ್ಲು ತಟ್ಟು,” ಎಂದೆ.

ಒಳಗೆ ಹೋದವರು ಯಾರೂ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಬೂದಿಯ ತುಂಬ ಗುರುತು. ಐದು ಬೆರಳು, ನಡುವೆ ಚರ್ಮದ ಅಚ್ಚು, ಎಳೆಮಗು ಅಂಗೈ ಊರಿದ ಹಾಗೆ. ಮಾದೇವನ ಎಲೆಯಲ್ಲಿ ಮೀನಿನ ಬಾಲ ಮಾತ್ರ ಇತ್ತು. ಮಿಕ್ಕ ಎಲೆಗಳನ್ನು ಮುಟ್ಟಿರಲಿಲ್ಲ, ಕೋಳಿಯನ್ನೂ ಮೂಸಿರಲಿಲ್ಲ.

“ಅಯ್ಯೋ ನಮ್ಮಪ್ಪ!” ಎಂದು ಪುಟ್ಟಮ್ಮ ಕುಸಿದು ಕೂತಳು. “ಕೈ ಊರ್ಕಂಡು ಬಂದವ್ನೆ ಕಣಕ್ಕೋ!” ಬೀಗಿತ್ತಿ ನಿಂಬೆಹಣ್ಣು ಹುಡುಕತೊಡಗಿದರು.

ನಾನು ಸುಮ್ಮನಿದ್ದರೆ ಸಾಕಾಗಿತ್ತು. ನನಗೆ ಬೇಕಾದದ್ದು ಬೂದಿಯ ಮೇಲೆ ಬಿದ್ದಿತ್ತು, ಅದೂ ನಾನು ಬೆರಳು ಊರದೆ. ಆದರೆ ಆ ಕಣ್ಣು ನೋಡಿ ಬಂದ ಮೇಲೆ ಸುಳ್ಳನ್ನು ಹಾಗೇ ಬಿಡುವುದಕ್ಕೆ ಬಾಯಿ ಒಪ್ಪಲಿಲ್ಲ.

“ಕೈಯೂ ಅಲ್ಲ ಕಾಲೂ ಅಲ್ಲ. ನೀರ್ನಾಯಿ. ನಾನು ನೋಡ್ದೆ. ಬಚ್ಚಲ್ ತೂಬಲ್ಲಿ ಬಂದಿತ್ತು, ಅಲ್ಲೇ ಓಯ್ತು.”

ಎಲ್ಲರೂ ನನ್ನನ್ನು ನೋಡಿದರು. ನಾನು ಭಾಗ್ಯಳನ್ನು ನೋಡಿದೆ. ನಾವು ಆಡಿಕೊಂಡಿದ್ದ ಮಾತು ಮುರಿಯಿತು, ಇನ್ನು ಇವಳು ತಟ್ಟೆ ಮುಚ್ಚಿಡುತ್ತಾಳೆ, ನಾನು ಹೊಳೆಯ ಹತ್ತಿರ ನಿಂತು ಕೂಗಬೇಕು ಎಂದುಕೊಂಡೆ. ಅವಳು ಬೂದಿಯ ಮುಂದೆ ಮಂಡಿಯೂರಿದಳು. ಒಂದು ಗುರುತಿನ ಪಕ್ಕದಲ್ಲಿ, ಅದಕ್ಕೆ ತಾಗದ ಹಾಗೆ, ತನ್ನ ಅಂಗೈ ಊರಿದಳು.

“ನೀರ್ನಾಯೇ ಕಣತ್ತೆ,” ಅಂದಳು. “ನೀರಲ್ಲಿ ಓದೋರು ಇನ್ಯಾನಾಗಿ ಬತ್ತಾರೆ? ಕಾಗೆಯಾಗಿ ಬತ್ತಾರಾ?”

ನನ್ನ ಬೆರಳುಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

“ಉಂಡ್ರಾ?” ಎಂದು ಕೇಳಿದಳು.

“ಉಂಡ್ತು.”

“ಎಲ್ಲಿಂದ ಸುರು ಮಾಡ್ತು?”

“ತಲೆಯಿಂದ.”

ಆಗ ಅತ್ತಳು. ಅದುವರೆಗೆ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಹೊಳೆಯ ಹಾಗೆ ಬಂತು. ಮನೆಯ ಹೆಂಚು ಹಾರಿಹೋಗುವ ಹಾಗೆ ಅತ್ತಳು. ಬೀಗಿತ್ತಿ ಹಿಡಿಯಲು ಹೋದರೆ ನಾನು ಬಿಡಲಿಲ್ಲ. ಸಾಕಾಗುವಷ್ಟು ಅತ್ತ ಮೇಲೆ ಎದ್ದು ಮುಖ ತೊಳೆದು, ಮಾದೇವನ ಎಲೆಯ ಮುಂದೆಯೇ ಕೂತು, ಅದರಲ್ಲಿದ್ದ ಮುದ್ದೆಯನ್ನು ಮುರಿದಳು. ಪೂರ್ತಿ ಉಂಡಳು. ಬೀಗಿತ್ತಿ ತಂದಿದ್ದ ನಿಂಬೆಹಣ್ಣನ್ನು ನಾನು ಮಾರನೆಯ ವಾರ ಉಪ್ಪಿನಕಾಯಿಗೆ ಹಾಕಿದೆ.

ನರಸೀಪುರದ ಕಾಲೇಜಿನಲ್ಲಿ ಓದುವ ಸಿದ್ದರಾಜುವಿನ ಮಗಳು ಹೇಳುತ್ತಾಳೆ, “ಅಜ್ಜಿ, ಪ್ರವಾಹ ಬಂದಾಗ ಅವು ಕಾಲುವೇಗೆಲ್ಲ ಬತ್ತವೆ. ಮೀನಿನ ವಾಸ್ನೆಗೆ ಬಂದದೆ, ಅಷ್ಟೇಯ.” ಹೌದು, ಅಷ್ಟೇ. ನಾನೂ ಅದನ್ನೇ ಹೇಳುವುದು. ಕಾಲುವೆಯ ಸಾಲಿನಲ್ಲಿ ಅಷ್ಟು ಮನೆಗಳಿವೆ, ಎಲ್ಲ ಮನೆಯಲ್ಲೂ ಆವತ್ತು ಎಡೆ ಇತ್ತು, ಎಷ್ಟೋ ಮನೆಯಲ್ಲಿ ಮೀನೂ ಇತ್ತು. ಅದಕ್ಕಿಂತ ಮುಂಚೆ ಯಾರ ಮನೆಗೂ ನೀರುನಾಯಿ ಬಂದದ್ದಿಲ್ಲ, ಆಮೇಲೂ ಬಂದಿಲ್ಲ. ಇದಕ್ಕೇನು ಹೇಳುತ್ತೀಯೆ ಎಂದರೆ ಹುಡುಗಿ ಫೋನು ನೋಡುತ್ತಾಳೆ. ನಾನು ಹೊಳೆ ನೋಡುತ್ತೇನೆ. ದೆವ್ವವನ್ನು ನಂಬುವುದಿಲ್ಲ. ನಂಬುವವರನ್ನು ನೋಡಿ ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನಂಜನಗೂಡಿನಲ್ಲಿ ಮುಡಿ ತೆಗೆಸಿದ್ದು ಭಾಗ್ಯಳ ಮಗುವಿಗೇ. ಎರಡನೆಯ ಮದುವೆಯನ್ನು ನಾನೇ ಮುಂದೆ ನಿಂತು ಮಾಡಿಸಿದೆ. ಅಲ್ಲೇ ನಂಜನಗೂಡಿನಲ್ಲಿದ್ದಾಳೆ, ಮೈ ತುಂಬಿಕೊಂಡಿದ್ದಾಳೆ, ನನ್ನನ್ನು ಇನ್ನೂ ಅತ್ತೆ ಎಂದೇ ಕರೆಯುತ್ತಾಳೆ. ಬೋಳುತಲೆಯ ಮಗುವನ್ನು ಎತ್ತಿಕೊಂಡು ನಾನಿದ್ದ ಮೆಟ್ಟಿಲಿಗೆ ಬಂದಳು. “ಯಾನ ನೋಡ್ತಿದ್ದೀರತ್ತೆ?” ಅಂದಳು. “ಯಾನಿಲ್ಲ, ನೀರು,” ಅಂದೆ. ಅವಳೂ ನೋಡಿದಳು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದೆವು.

ಆ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದೆ. ಬೂದಿಯನ್ನು ಗುಡಿಸಿ ಮೊರಕ್ಕೆ ತುಂಬಿಕೊಂಡೆ. ಬೂದಿ ಹೋಗಬೇಕಾದದ್ದು ತಿಪ್ಪೆಗೆ. ತಿಪ್ಪೆ ದಾಟಿ ಹೊಳೆಗೆ ನಡೆದೆ. ನೀರಿಗೆ ಬಿಡಲು ನಮಗೆ ಮಾದೇವನ ಒಂದು ಮೂಳೆಯೂ ಸಿಕ್ಕಿರಲಿಲ್ಲ. ಇದನ್ನೇ ಬಿಟ್ಟೆ. ವಾಪಸು ಬಂದಾಗ ಬಚ್ಚಲ ತೂಬಿಗೆ ಒಂದು ಚಪ್ಪಡಿಕಲ್ಲು ಅಡ್ಡ ಕೂತಿತ್ತು. ಸಿದ್ದರಾಜು ಬಾಂಡ್ಲಿಯಲ್ಲಿ ಸಿಮೆಂಟು ಕಲಸುತ್ತಿದ್ದ.

“ಇವತ್ತು ನೀರ್ನಾಯಿ ಬಂತು, ನಾಳೆ ಹಾವು ಬತ್ತದೆ ಕಣವ್ವ,” ಅಂದ.

“ಬಂದ್ರೆ ಒಡ್ಯಕೆ ದೊಣ್ಣೆ ಅದೆ,” ಎಂದು ಹೇಳಿ, ಕಲ್ಲನ್ನು ಎತ್ತಿ ಆಚೆಗೆ ಹಾಕಿದೆ.